ವೇಬರ್‌ನ ‘ಬೆರೂಫ್’ಗೆ ಕನ್ನಡದಲ್ಲಿ ಏನನ್ನೋಣ? ಕರೆ ಅಂದ್ರೆ, ಕರೆದವರು ಯಾರು?

ಗಂಟೆಲೆಕ್ಕದ ಮೇಷ್ಟ್ರು
ಭಾನುವಾರ, ರಾತ್ರಿ 9:40

ನಮಸ್ಕಾರ. ಒಂದು ಪದಕ್ಕೆ ಕನ್ನಡ ಹುಡುಕ್ತಾ ಸಿಕ್ಕಿಹಾಕ್ಕೊಂಡಿದ್ದೀನಿ.

ನಾನು ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಸಿಲಬಸ್‌ನಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಇದ್ದಾನೆ. ಪರೀಕ್ಷೆಗೆ ಬೇಕಾಗೋದು ‘ಪ್ರಾಟೆಸ್ಟೆಂಟ್ ನೀತಿ ಮತ್ತು ಬಂಡವಾಳಶಾಹಿ’ ಅಂತ ಐದು ಅಂಕದ ಟಿಪ್ಪಣಿ. ನಾನು ಸುಮ್ಮನಿರಲಾರದೆ ಅವನ 1917ರ ಉಪನ್ಯಾಸವನ್ನೂ ಸ್ವಲ್ಪ ಓದಿ ಹೇಳೋಣ ಅಂತ ಹೊರಟೆ. ಜರ್ಮನ್ ಹೆಸರು ‘ವಿಸ್ಸೆನ್‌ಶಾಫ್ಟ್ ಆಲ್ಸ್ ಬೆರೂಫ್’. ಅಂದ್ರೆ ‘ಬೆರೂಫ್ ಆಗಿ ವಿದ್ವತ್ತು’. ಬೆರೂಫ್ ಅಂದ್ರೆ ಮಾಡೋ ಕೆಲಸವೂ ಹೌದು, ಆ ಕೆಲಸಕ್ಕೆ ಬಂದ ಕರೆಯೂ ಹೌದು; ಇಂಗ್ಲಿಷಿನವರು ವೊಕೇಶನ್ ಅಂತಾರೆ. ಬೋರ್ಡಿನ ಮೇಲೆ ‘ವೃತ್ತಿ’ ಅಂತ ಬರೆದೆ. ಒರೆಸಿ ‘ಕಸುಬು’. ಅದನ್ನೂ ಒರೆಸಿ ‘ಉದ್ಯೋಗ’. ಕೊನೆಗೆ ‘ಕರೆ’. ಹಿಂದಿನ ಬೆಂಚಿನಿಂದ ಒಬ್ಬ, ‘ಸಾರ್, ಕರೆ ಅಂದ್ರೆ ಫೋನಾ?’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೆಲ್ ಆಯ್ತು.

ಆ ಉಪನ್ಯಾಸದ ಸಂಜೆ ನೋಡಿ. 1917ರ ನವೆಂಬರ್ 7, ಮ್ಯೂನಿಕ್‌ನ ಶ್ವಾಬಿಂಗ್‌ನಲ್ಲಿ ಸ್ಟೈನಿಕೆ ಅನ್ನೋ ಪುಸ್ತಕದಂಗಡಿಯ ಸಭಾಂಗಣ. (ಅದೇ ದಿನ ರಷ್ಯಾದ ಪೆಟ್ರೋಗ್ರಾಡ್‌ನಲ್ಲಿ ಬೊಲ್ಶೆವಿಕರು ಅಧಿಕಾರ ಹಿಡೀತಿದ್ರು.) ಕರೆಸಿದ್ದು ವಿದ್ಯಾರ್ಥಿಗಳ ಒಂದು ಒಕ್ಕೂಟ. ಅದೇ ವರ್ಷ ಅಲೆಕ್ಸಾಂಡರ್ ಶ್ವಾಬ್ ಅನ್ನೋನು ‘ಬೆರೂಫ್ ಮತ್ತು ಯುವಜನ’ ಅಂತ ಲೇಖನ ಬರೆದು, ಈ ಬೆರೂಫ್ ಅನ್ನೋ ವಿಗ್ರಹಕ್ಕೆ ಯುವಕರನ್ನ ಬಲಿ ಕೊಡ್ತಿದ್ದೀರಿ ಅಂತ ಹರಿಹಾಯ್ದಿದ್ದ. ಉಪನ್ಯಾಸಮಾಲೆ ಹುಟ್ಟಿದ್ದೇ ಆ ಲೇಖನದ ಬಿಸಿಯಲ್ಲಿ.

ಹುಡುಗರು ಕಾದಿದ್ದು ಆತ್ಮದ ಮಾತಿಗೆ. ವೇಬರ್ ಶುರು ಮಾಡಿದ್ದು ದುಡ್ಡಿನಿಂದ. ಜರ್ಮನಿಯಲ್ಲಿ ಪ್ರಿವಾಟ್‌ಡೋಟ್ಸೆಂಟ್ ಅಂತ ಒಂದು ಸ್ಥಾನ. ಸ್ಥಾನ ಉಂಟು, ಸಂಬಳ ಇಲ್ಲ. ಪಾಠ ಕೇಳೋಕೆ ಬಂದವರು ಕಟ್ಟಿದ ಫೀಸಷ್ಟೇ ಅವನ ಪಾಲಿಗೆ. ಮುಂದೆ ಪ್ರೊಫೆಸರ್‌ಗಿರಿ ಸಿಗುತ್ತೋ ಇಲ್ಲವೋ ಅನ್ನೋದು ಪೂರ್ತಿ ಜೂಜು ಅಂತಾನೆ. ತನಗೆ ಚಿಕ್ಕ ವಯಸ್ಸಲ್ಲೇ ಸಿಕ್ಕಿದ್ದಕ್ಕೂ ಅದೃಷ್ಟವನ್ನೇ ಮುಂದಿಡ್ತಾನೆ. ಆಮೇಲೆ ಬರೋ ಮಾತು ನನ್ನನ್ನ ಹಿಡಿದು ನಿಲ್ಲಿಸ್ತು. ಈ ದಾರಿಗೆ ಬರ್ತೀನಿ ಅನ್ನೋ ಹುಡುಗನನ್ನ ಕೇಳಬೇಕಂತೆ: ವರ್ಷ ವರ್ಷ ನಿನ್ನ ಕಣ್ಣೆದುರೇ ಸಾಧಾರಣದವರು ಒಬ್ಬರ ಹಿಂದೆ ಒಬ್ಬರು ನಿನ್ನ ದಾಟಿ ಮೇಲೆ ಹೋಗ್ತಾರೆ, ಒಳಗೊಳಗೇ ಕಹಿಯಾಗದೆ ತಡ್ಕೋತೀಯಾ? ಎಲ್ಲರದೂ ಒಂದೇ ಉತ್ತರ, ‘ಖಂಡಿತ, ನಾನು ಬದುಕೋದೇ ನನ್ನ ಬೆರೂಫ್‌ಗಾಗಿ’. ಹಂಗೆ ತಡ್ಕೊಂಡೋರನ್ನ ತಾನು ಕಂಡಿದ್ದು ಬಹಳ ಕಮ್ಮಿ ಅಂತಾನೆ ವೇಬರ್.

ನಾನು ಹನ್ನೊಂದನೇ ವರ್ಷದ ಅತಿಥಿ. ಪ್ರತಿ ವರ್ಷ ಅರ್ಜಿ, ಪ್ರತಿ ವರ್ಷ ಆದೇಶಕ್ಕೆ ಕಾಯೋದು. ಮನೆಯಲ್ಲಿ ‘ಅದೆಲ್ಲ ಬಿಟ್ಟು ಅಂಗಡಿ ನೋಡ್ಕೋ’ ಅಂದಾಗ ನನ್ನ ಬಾಯಿಂದ ಬಂದಿದ್ದೂ ಹೆಚ್ಚುಕಮ್ಮಿ ಅದೇ ವಾಕ್ಯ.

ಅದಕ್ಕೇ ಕೇಳ್ತಿದ್ದೀನಿ. ಬೆರೂಫ್‌ಗೆ ಕನ್ನಡ ಏನು? ‘ಕರೆ’ ಅಂತಲೇ ಇಟ್ಕೊಂಡ್ರೆ ಕರೆದವರು ಯಾರು? ಇದು ದೇವರೂ ಇಲ್ಲದ ಪ್ರವಾದಿಯೂ ಇಲ್ಲದ ಕಾಲ ಅಂತ ವೇಬರ್ರೇ ಹೇಳ್ತಾನೆ. ಕರೆಯೋನು ಎದ್ದು ಹೋದಮೇಲೂ ಕರೆ ಕೇಳಿಸೋದು ಹೆಂಗೆ?

ನೆಕ್ಕರ್ ದಂಡೆ
ಭಾನುವಾರ, ರಾತ್ರಿ 10:25

ಮೇಷ್ಟ್ರೇ, ನಾನು ಒಂಬತ್ತು ವರ್ಷದಿಂದ ಸ್ಟುಟ್‌ಗಾರ್ಟ್ ಹತ್ತಿರ ಇದ್ದೀನಿ. ನಿಮ್ಮ ಈ ದೊಡ್ಡ ಪದ ಇಲ್ಲಿ ದಿನಾ ಕಾಲಿಗೆ ತೊಡರುತ್ತೆ. ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ, ಆಮೇಲೆ ‘ಬೆರೂಫ್’ ಅಂತ ಒಂದು ಖಾನೆ. ನಾನು ‘ಸಾಫ್ಟ್‌ವೇರ್’ ಅಂತ ಬರೆದು ಮುಂದೆ ಹೋಗ್ತೀನಿ, ಯಾವ ಅಶರೀರವಾಣಿಯೂ ಕೇಳಿಸಲ್ಲ. ಪಕ್ಕದ ಮನೆ ಹುಡುಗ ಎಲೆಕ್ಟ್ರಿಷಿಯನ್ ಆಗ್ತಿದ್ದಾನೆ. ಮೂರೂವರೆ ವರ್ಷದ ತರಬೇತಿ, ವಾರಕ್ಕೆ ಒಂದೆರಡು ದಿನ ‘ಬೆರೂಫ್ಸ್‌ಶೂಲೆ’, ಉಳಿದ ದಿನ ಯಾವುದೋ ಕಟ್ಟಡದಲ್ಲಿ ಗೋಡೆ ಕೊರೆಯೋದು. ಇನ್ನೂ ಮಜಾ ಅಂದ್ರೆ ವಿಮೆ. ಕಾಯಿಲೆ ಬಿದ್ದು ನಿಮ್ಮ ಕೆಲಸ ಮಾಡೋಕೆ ಆಗದೇ ಹೋದ್ರೆ ದುಡ್ಡು ಕೊಡೋ ಪಾಲಿಸಿಯ ಹೆಸರಲ್ಲೂ ಬೆರೂಫ್ ಇದೆ. ಅಕ್ಷರಶಃ ತಗೊಂಡ್ರೆ, ದೇವರ ಕರೆಗೆ ಓಗೊಡೋಕೆ ಆಗದಿದ್ರೆ ತಿಂಗಳಿಗಿಷ್ಟು ಯೂರೋ.

ಆದ್ರೆ ಕರೆದವರು ಯಾರು ಅಂದ್ರಲ್ಲ, ಅದಕ್ಕೆ ಇಲ್ಲಿ ಸರಿಯಾದ ಉತ್ತರ ಇದೆ. ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಾಗ ‘ನನಗೆ ರೂಫ್ ಬಂತು’ ಅಂತಾರೆ. ರೂಫ್ ಅಂದ್ರೆ ಕರೆ, ಅದೇ ಬೆರೂಫ್‌ನ ರೂಫ್. ವೇಬರ್ ಕಾಲದಲ್ಲಿ ಪ್ರಷ್ಯಾದ ಆ ಕರೆಗಳೆಲ್ಲ ಬರ್ತಿದ್ದಿದ್ದು ಶಿಕ್ಷಣ ಸಚಿವಾಲಯದಿಂದ. 1882ರಿಂದ 1907ರವರೆಗೆ ಫ್ರೀಡ್ರಿಖ್ ಆಲ್ಟ್‌ಹೋಫ್ ಅನ್ನೋ ಒಬ್ಬ ಅಧಿಕಾರಿ ಅಲ್ಲಿ ಕೂತು ಯಾರನ್ನ ಕರೀಬೇಕು ಅಂತ ನಡೆಸ್ತಿದ್ದ. ವೇಬರ್‌ಗೆ ಅವನ ಕಂಡ್ರೆ ಆಗ್ತಿರಲಿಲ್ಲ.

ಬರೀ ಓದುಗ
ಭಾನುವಾರ, ರಾತ್ರಿ 10:31

ಅಂದ್ರೆ ಕರೆ ಬಂದ್ರೆ ಆದೇಶದ ಪ್ರತಿ ಲಗತ್ತಿಸಬೇಕು 😀

ಜೆಪ್ಪು ಹಂಚು
ಭಾನುವಾರ, ರಾತ್ರಿ 11:50

ಪದದ ಚರಿತ್ರೆ ಸ್ವಲ್ಪ ಹೇಳುತ್ತೇನೆ. ನಾವು ಮಂಗಳೂರಿನ ಹಳೆಯ ಪ್ರಾಟೆಸ್ಟೆಂಟ್ ಕುಟುಂಬ, ಹಾಗಾಗಿ ಇದು ನಮ್ಮ ಮನೆಯ ಮಾತೂ ಹೌದು.

ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರನಿಗಿಂತ ಮೊದಲು ಯುರೋಪಿನಲ್ಲಿ ಕರೆ ಎಂದರೆ ಮಠಕ್ಕೆ, ಗುರುಪಟ್ಟಕ್ಕೆ ಬರುವ ಕರೆ. ರೊಟ್ಟಿ ಸುಡುವವನಿಗೆ, ಚಪ್ಪಲಿ ಹೊಲಿಯುವವನಿಗೆ ಕರೆ ಇರಲಿಲ್ಲ, ಕೆಲಸ ಇತ್ತು ಅಷ್ಟೆ. ಸ್ವತಃ ಸನ್ಯಾಸಿಯಾಗಿದ್ದ ಲೂಥರ್ ಆ ಬೇಲಿ ಕಿತ್ತ. ಬೈಬಲಿನ ಜೊತೆ ಸೇರುವ ಸೀರಾಖನ ಗ್ರಂಥವನ್ನು ಜರ್ಮನ್‌ಗೆ ತರುವಾಗ, ಗ್ರೀಕಿನಲ್ಲಿ ಬರೀ ಕೆಲಸ, ದುಡಿತ ಎಂದಿದ್ದಲ್ಲಿ ಅವನು ‘ಬೆರೂಫ್’ ಎಂದು ಹಾಕಿದ. ಇಂದಿನ ಅರ್ಥ ಅಲ್ಲಿಂದ ಹೊರಟಿತು ಎಂದು ತೋರಿಸಿಕೊಟ್ಟವನೂ ವೇಬರನೇ, 1904–05ರ ಪ್ರಬಂಧದಲ್ಲಿ. 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತ ಲೂಥರ್ ಒಂದು ಚಿತ್ರ ಕೊಡುತ್ತಾನೆ: ಅಪ್ಪನಾದವನು ಮಗುವಿನ ಹೇಲುಬಟ್ಟೆ ಒಗೆಯುತ್ತಿದ್ದಾನೆ, ಊರವರು ಹೆಣ್ಣಿಗ ಎಂದು ನಗುತ್ತಾರೆ, ದೇವರು ದೇವದೂತರ ಸಮೇತ ಮುಗುಳ್ನಗುತ್ತಾನೆ. ನನಗೆ ಲೂಥರನ ಹತ್ತು ಪುಸ್ತಕಕ್ಕಿಂತ ಆ ಬಟ್ಟೆಯೇ ದೊಡ್ಡದು.

ಆದರೆ ಮಾರಾಯ್ರೆ, ಅದರ ಇನ್ನೊಂದು ಮಗ್ಗುಲು ನೋಡಿ. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆ ಪತ್ರದ ಏಳನೆ ಅಧ್ಯಾಯದಲ್ಲಿ, ಕರೆ ಬಂದಾಗ ನೀನು ಯಾವ ಸ್ಥಿತಿಯಲ್ಲಿದ್ದಿಯೋ ಅದರಲ್ಲೇ ಇರು ಎಂಬ ಮಾತಿದೆ. ಲೂಥರನ ಕೈಯಲ್ಲಿ ಅದು ‘ನಿನ್ನ ಬೆರೂಫ್‌ನಲ್ಲೇ ಇರು’ ಎಂದಾಯಿತು. ಚಮ್ಮಾರನ ಕೆಲಸಕ್ಕೆ ಮಠದ ಗೌರವ ಬಂತು, ಹೌದು. ಚಮ್ಮಾರ ಚಮ್ಮಾರನಾಗಿಯೇ ಉಳಿಯಬೇಕು ಎಂಬ ಕಟ್ಟಪ್ಪಣೆಯೂ ಬಂತು. 1525ರಲ್ಲಿ ರೈತರು ದಂಗೆ ಎದ್ದಾಗ ಲೂಥರ್ ಹಿಡಿದದ್ದು ಅರಸರ ಪಕ್ಷ, ಗೊತ್ತಿರುವ ಕಥೆ.

ನಮ್ಮೂರಿನಲ್ಲಿ ಇದು ತಲೆಕೆಳಗಾಗಿ ನಡೆಯಿತು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಹೆಚ್ಚಿನವರು ಈ ನೆಕ್ಕರ್ ದಂಡೆ ಮೇಡಂ ಇರುವ ಸೀಮೆಯ ಭಕ್ತಿಪಂಥದವರು, ‘ಕರೆ’ ಅವರ ದಿನನಿತ್ಯದ ಮಾತು. ಇಲ್ಲಿ ಮತಾಂತರವಾದ ಬಿಲ್ಲವರಲ್ಲಿ ಶೇಂದಿ ಇಳಿಸುವವರಿದ್ದರು. ಕ್ರೈಸ್ತನಿಗೆ ಆ ಕೆಲಸ ಸಲ್ಲದು ಎಂದಾಯಿತು. ಅಂದರೆ ದೇವರ ಕರೆ ಬಂದ ದಿನವೇ ಕಸುಬು ಹೋಯಿತು! ಇದ್ದಲ್ಲೇ ಇರು ಎಂದ ಪೌಲ ಎಲ್ಲಿ, ತೆಂಗಿನ ಮರದಿಂದ ಇಳಿ ಎಂದ ಪಾದ್ರಿ ಎಲ್ಲಿ. ಅವರಿಗೆ ಅನ್ನದ ದಾರಿ ಬೇಕಿತ್ತು, ಅದಕ್ಕೆ ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ನನ್ನ ಅಜ್ಜ ಹಂಚಿನ ಅಚ್ಚಿನ ಮುಂದೆ ನಿಂತು ಮೂವತ್ತು ವರ್ಷ ಕಳೆದವರು. ‘ನಿಮಗೆ ಇದು ಕರೆಯಾ ಅಜ್ಜ?’ ಎಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ಇದ್ದಿದ್ದರೂ ಅವರು ‘ಗಂಜಿ ಮಾರಾಯ’ ಎನ್ನುತ್ತಿದ್ದರು.

ಮಳಿರಾಯ
ಸೋಮವಾರ, ಬೆಳಗ್ಗೆ 7:15

ಸರ್ರ, ಎದಕ್ಕ ಇಷ್ಟ ಒದ್ದಾಡ್ತೀರಿ? ನಮ್ಮ ಶರಣರು 12ನೇ ಶತಮಾನದಾಗ ‘ಕಾಯಕವೇ ಕೈಲಾಸ’ ಅಂದು ಮುಗಿಸ್ಯಾರ. ಇವರಿಗೆ ಲೂಥರ್ ಹುಟ್ಟೋತನಕ ಕಾಯಬೇಕಾತು. ‘ಕಾಯಕ’ ಅಂತ ಬೋರ್ಡಿನ ಮ್ಯಾಲೆ ಬರೀರಿ, ಹುಡುಗರಿಗೂ ತಿಳೀತದ, ಬ್ಯಾರೆ ಶಬ್ದ ಯಾಕ ಬೇಕು?

ಗಂಟೆಲೆಕ್ಕದ ಮೇಷ್ಟ್ರು
ಸೋಮವಾರ, ಬೆಳಗ್ಗೆ 8:05

ಬಸ್ಸಲ್ಲಿ ಕೂತು ಬರೀತಿದ್ದೀನಿ, ತಪ್ಪಿದ್ರೆ ಕ್ಷಮಿಸಿ.

ಮಳಿರಾಯರೇ, ಇದು ಬಂದೇ ಬರುತ್ತೆ ಅಂತ ಗೊತ್ತಿತ್ತು. ಬರಬೇಕಾದ್ದೇ. ಆದ್ರೆ ಆ ಮಾತು ಬರೋ ಆಯ್ದಕ್ಕಿ ಮಾರಯ್ಯನ ಕಥೆಯನ್ನೇ ನೆನಪಿಸಿಕೊಳ್ಳಿ. ಒಂದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ, ಹೆಂಡತಿ ಲಕ್ಕಮ್ಮ ಇಷ್ಟು ಯಾಕೆ, ತಗೊಂಡು ಹೋಗಿ ಅಲ್ಲೇ ಸುರಿದು ಬಾ ಅಂದಳು. ವೇಬರ್ ಹೇಳೋ ಪ್ಯೂರಿಟನ್ (ಕಟ್ಟಾ ಪ್ರಾಟೆಸ್ಟೆಂಟ್) ವ್ಯಾಪಾರಿ ಹಂಗಲ್ಲ. ಅವನು ಹೆಚ್ಚು ದುಡೀತಾನೆ, ಖರ್ಚು ಮಾಡೋದು ಪಾಪ ಅಂತಾನೆ, ಹಾಗಾಗಿ ಗಂಟು ಬೆಳೀತಾನೇ ಹೋಗುತ್ತೆ. ಲಕ್ಕಮ್ಮ ಇದ್ದ ಮನೆಯಲ್ಲಿ ಬಂಡವಾಳ ಹುಟ್ಟಲ್ಲ.

ಇನ್ನೊಂದು. ‘ಕಾಯಕ’ದಲ್ಲಿ ಕಾಯ ಇದೆ, ಮೈ. ಬೆರೂಫ್‌ನಲ್ಲಿ ಇರೋದು ದನಿ, ಹೊರಗಿನಿಂದ ಬರೋದು. ಕಾಯಕಕ್ಕೆ ಯಾರೂ ಕರೀಬೇಕಾಗಿಲ್ಲ. ನನ್ನ ಪ್ರಶ್ನೆ ನಿಂತಿರೋದೇ ಆ ಕರೆಯೋನ ಮೇಲೆ. ಕಾಯಕ ಅಂದ್ಬಿಟ್ರೆ ಪ್ರಶ್ನೆಯೇ ಮಾಯ.

ಅಡಿಟಿಪ್ಪಣಿ
ಸೋಮವಾರ, ಮಧ್ಯಾಹ್ನ 1:10

ಮೇಷ್ಟ್ರು ಕಾಯಕವನ್ನು ಪಕ್ಕಕ್ಕಿಟ್ಟದ್ದು ಸರಿ. ಆದರೆ ಭಾರತ ಈ ಚರ್ಚೆಯ ಒಳಗೆ ಬರುವುದು ನಾವು ಎಳೆದು ತಂದದ್ದರಿಂದಲ್ಲ, ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ತಾನೇ ತಂದದ್ದರಿಂದ. 1820ರ ‘ಹಕ್ಕಿನ ತತ್ತ್ವಶಾಸ್ತ್ರ’ದ 206ನೆಯ ಖಂಡ. ಮನುಷ್ಯ ಯಾವ ವರ್ಗಕ್ಕೆ, ಯಾವ ಕೆಲಸಕ್ಕೆ ಸೇರುತ್ತಾನೆ ಎಂಬುದರಲ್ಲಿ ಹುಟ್ಟು, ಸ್ವಭಾವ, ಸಂದರ್ಭ ಎಲ್ಲ ಇದ್ದರೂ ಕೊನೆಯ ಮಾತು ಅವನ ಸ್ವಂತ ಆಯ್ಕೆಯದು, ಆಧುನಿಕ ಲೋಕವನ್ನು ಬೇರೆ ಮಾಡುವುದು ಇದೇ ಎನ್ನುತ್ತಾನೆ. ಎದುರಿಗೆ ಎರಡು ಉದಾಹರಣೆ: ಆಳುವವರೇ ಕೆಲಸ ಹಂಚುವ ಪ್ಲೇಟೋನ ಗಣರಾಜ್ಯ, ಹುಟ್ಟೇ ಹಂಚುವ ಭಾರತದ ಜಾತಿ. ಮುಟ್ಟಿ ನೋಡಿಕೊಳ್ಳುವ ಹಾಗಿದೆ.

ಇದೇ ಆಯ್ಕೆಯ ಹೆಗೆಲ್ 166ನೆಯ ಖಂಡಕ್ಕೆ ಬಂದಾಗ ಹೆಂಗಸಿನ ‘ಬೆಸ್ಟಿಮುಂಗ್’ ಕುಟುಂಬದಲ್ಲಿದೆ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ.

ಈ ‘ಬೆಸ್ಟಿಮುಂಗ್’ ಇನ್ನೊಂದು ಪದ, ಮೇಷ್ಟ್ರಿಗೆ ಇನ್ನೊಂದು ತಲೆನೋವು. ಗೊತ್ತುಪಡಿಸುವುದು ಎಂದೂ ಅರ್ಥ, ಯಾವುದಕ್ಕಾಗಿ ಹುಟ್ಟಿದ್ದೇವೋ ಅದು ಎಂದೂ ಅರ್ಥ. ಇನ್ನೊಬ್ಬ ಜರ್ಮನ್ ತತ್ತ್ವಜ್ಞಾನಿ ಫಿಖ್ಟೆ 1794ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ‘ವಿದ್ವಾಂಸನ ಬೆಸ್ಟಿಮುಂಗ್’ ಎಂದು ಉಪನ್ಯಾಸ ಕೊಟ್ಟ. ಸಾರ್ವಜನಿಕ ಉಪನ್ಯಾಸಗಳನ್ನು ಭಾನುವಾರ ಬೆಳಗ್ಗೆ ಇಟ್ಟುಕೊಂಡಾಗ, ಚರ್ಚಿಗೆ ಪೈಪೋಟಿ ಹೂಡಿದ್ದಾನೆ ಎಂದು ದೂರು ಹೋಯಿತು. ಒಂದು ರೀತಿಯಲ್ಲಿ ನಿಜವೇ. ಫಿಖ್ಟೆಗೆ ಕರೆಯುವವನು ಹೊರಗಿಲ್ಲ, ವಿವೇಕವೇ ಒಳಗಿನಿಂದ ಕರೆಯುತ್ತದೆ. ಮೇಷ್ಟ್ರ ಪ್ರಶ್ನೆಗೆ ಆಧುನಿಕರ ಮೊದಲ ಉತ್ತರ ಇದು: ಕರೆದವನು ನೀನೇ.

ಈ ಫಿಖ್ಟೆ ಸ್ಯಾಕ್ಸನಿಯ ರಾಮೆನೌ ಎಂಬ ಹಳ್ಳಿಯ ರಿಬ್ಬನ್ ನೇಯುವವನ ಮಗ, ಹೆಬ್ಬಾತು ಮೇಯಿಸುತ್ತಿದ್ದ ಹುಡುಗ. ಭಾನುವಾರದ ಪ್ರವಚನಕ್ಕೆ ತಡವಾಗಿ ಬಂದ ಒಬ್ಬ ಜಮೀನುದಾರನಿಗೆ ಅದನ್ನು ಪೂರ್ತಿ ಬಾಯಿಪಾಠ ಒಪ್ಪಿಸಿದನೆಂದೂ, ಮೆಚ್ಚಿದ ಆತ ಓದಿಸಿದನೆಂದೂ ಕಥೆ. ಆ ಜಮೀನುದಾರ ಹೊತ್ತಿಗೆ ಸರಿಯಾಗಿ ಚರ್ಚಿಗೆ ಬಂದಿದ್ದರೆ ಫಿಖ್ಟೆ ರಿಬ್ಬನ್ ನೇಯುತ್ತಿದ್ದ. ವೇಬರ್ ಜೂಜು ಎಂದದ್ದು ಇದನ್ನೇ.

ಮಳಿರಾಯ
ಸೋಮವಾರ, ಮಧ್ಯಾಹ್ನ 1:34

ಹೆಗೆಲ್ ಹೇಳಿದ್ದು ಖರೆ, ಒಪ್ಪಿದೆ. ಆದ್ರ ಅವನ ಊರಾಗೂ ‘ಸ್ವಂತ ಆಯ್ಕೆ’ ಎಷ್ಟ ಮಂದಿಗಿತ್ತು ಅನ್ನೂದನ್ನ ಆ ಜಮೀನುದಾರನ ಕಥೀನ ಹೇಳ್ತದ. ಕಾಯಕದ ಮಾತು ಪೂರ್ತಿ ಹಿಂದಕ್ಕ ತಗೊಳ್ಳೂದಿಲ್ಲ ಮತ್ತ. ಲಕ್ಕಮ್ಮನ ಕಡೆ ನಾ ಇದ್ದೀನಿ.

ನೈಟ್‌ಶಿಫ್ಟ್
ಮಂಗಳವಾರ, ಬೆಳಗಿನ ಜಾವ 3:20

ವಾರ್ಡ್ ಸ್ವಲ್ಪ ಶಾಂತವಾಗಿದೆ, ಅದಕ್ಕೆ ಬರೀತಿದ್ದೀನಿ. ನಾನು ಸ್ಟಾಫ್ ನರ್ಸ್. ಇಲ್ಲಿ ಎಲ್ಲರೂ ಕರೆ ಯಾರದು ಅಂತ ಕೇಳ್ತಿದ್ದೀರಿ. ನಾನು ಕೇಳೋದು, ಆ ಪದವನ್ನ ಯಾವಾಗ ಎತ್ತುತ್ತಾರೆ ಅಂತ. ಹಿಂದೆ ಕೆಲಸ ಮಾಡ್ತಿದ್ದ ಕಡೆ ಎರಡು ತಿಂಗಳ ಓಟಿ ದುಡ್ಡು ಕೇಳೋಕೆ ಆರು ಜನ ಒಟ್ಟಿಗೆ ಹೋದ್ವಿ. ಕುರ್ಚಿ ಮೇಲಿದ್ದವರು ಚಹಾ ತರಿಸಿದ್ರು. ‘ನರ್ಸಿಂಗ್ ಅನ್ನೋದು ನೌಕರಿ ಅಲ್ಲಮ್ಮಾ, ಸೇವೆ’ ಅಂದ್ರು. ಚಹಾ ಕುಡಿದು ವಾಪಸ್ ಬಂದ್ವಿ. ದುಡ್ಡು ಕೇಳಿದಾಗ ಮಾತ್ರ ಅದು ಸೇವೆ, ರಜೆ ಕೇಳಿದ್ರೆ ತಕ್ಷಣ ನೌಕರಿ.

ಕೋರ್ಸ್‌ನಲ್ಲಿ ನರ್ಸಿಂಗ್ ಇತಿಹಾಸ ಓದಿದ್ವಲ್ಲ, ಆ ಊರಿನ ಹೆಸರು ಮರೆಯಲ್ಲ. ಕೈಸರ್ಸ್‌ವರ್ಟ್, ಡ್ಯೂಸೆಲ್‌ಡಾರ್ಫ್ ಹತ್ತಿರ ರೈನ್ ನದಿ ದಂಡೆಯಲ್ಲಿ. ಪಾದ್ರಿ ಫ್ಲೀಡ್ನರ್ ಮತ್ತೆ ಅವನ ಹೆಂಡತಿ ಫ್ರೀಡರಿಕೆ 1836ರಲ್ಲಿ ಅಲ್ಲಿ ನರ್ಸಿಂಗ್ ಕಲಿಸೋ ಸಂಸ್ಥೆ ಶುರು ಮಾಡಿದ್ರು. ಅಲ್ಲಿನ ಡೀಕನೆಸ್ (ಚರ್ಚಿನ ಸೇವೆಗೆ ಸೇರಿದ) ಅಕ್ಕಂದಿರಿಗೆ ಸಂಬಳ ಇರಲಿಲ್ಲ. ಊಟ, ಬಟ್ಟೆ, ಕೈಖರ್ಚಿಗೆ ಚೂರು ದುಡ್ಡು, ವಯಸ್ಸಾದ್ಮೇಲೆ ಸಾಯೋವರೆಗೂ ನೋಡ್ಕೋತೀವಿ ಅನ್ನೋ ಮಾತು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಮೂರು ತಿಂಗಳು ಅಲ್ಲಿದ್ದು ಕಲಿತಳು. ಅವಳಿಗೆ ಕರೆ ಬಂದಿದ್ದು 1837ರ ಫೆಬ್ರವರಿ 7ರಂದು, ವಯಸ್ಸು 16. ದೇವರು ಮಾತಾಡಿದ ಅಂತ ಅವಳೇ ಬರೆದಿಟ್ಟಿದ್ದಾಳೆ, ತಾರೀಖು ಸಮೇತ. ಶ್ರೀಮಂತರ ಮನೆ ಹುಡುಗಿ. ಅಮ್ಮ, ಅಕ್ಕ ಬೇಡ ಅಂತ ವರ್ಷಗಟ್ಟಲೆ ಅಡ್ಡ ನಿಂತರು. ಅವಳಿಗೆ ‘ಕರೆ’ ಅನ್ನೋ ಪದ ಇಲ್ದಿದ್ರೆ ಮನೆಯಿಂದ ಹೊರಗೆ ಬರೋಕೆ ಬೇರೆ ಯಾವ ನೆಪವೂ ನಡೀತಿರಲಿಲ್ಲ ಅನ್ಸುತ್ತೆ. ಅದನ್ನ ಒಪ್ತೀನಿ, ಆ ಪದ ಅವಳಿಗೆ ಬಾಗಿಲು ತೆಗೀತು.

ಅದೇ ನೈಟಿಂಗೇಲ್ ಮುಂದೆ ನರ್ಸ್‌ಗಳ ನೋಂದಣಿ ಆಗಬೇಕು ಅಂತ 1880ರ ದಶಕದ ಕೊನೆಗೆ ಹೋರಾಟ ಎದ್ದಾಗ ವಿರೋಧ ಮಾಡಿದಳು. ಒಳ್ಳೇ ನರ್ಸನ್ನ ಪರೀಕ್ಷೆ, ಪಟ್ಟಿ ತೋರಿಸಲ್ಲ ಅಂತ ಅವಳ ವಾದ. ಅವಳಿಗೆ ಅಪ್ಪ ವರ್ಷಕ್ಕೆ 500 ಪೌಂಡ್ ಕೊಡ್ತಿದ್ದ. ನಮಗೆ ನೋಂದಣಿ ನಂಬರ್ರೇ ಅನ್ನ.

ಬೆಡ್ 14 ಬೆಲ್ ಹೊಡೀತು. (ಇದು ನನ್ನ ಕರೆ, ಕರೆದವರು ಯಾರು ಅಂತ ಅನುಮಾನ ಇಲ್ಲ.)

ಬರೀ ಓದುಗ
ಮಂಗಳವಾರ, ಬೆಳಗ್ಗೆ 6:50

ಸಿಸ್ಟರ್, ಈ ಥ್ರೆಡ್‌ನಲ್ಲಿ ಇಲ್ಲಿವರೆಗೆ ಬಂದ ಒಳ್ಳೇ ಪೋಸ್ಟ್ ಇದು. ಫಿಖ್ಟೆ ಅಭಿಮಾನಿಗಳು ಕ್ಷಮಿಸಿ.

ಅಡಿಟಿಪ್ಪಣಿ
ಮಂಗಳವಾರ, ಬೆಳಗ್ಗೆ 11:30

ಕ್ಷಮಿಸಿದೆ.

ನೈಟ್‌ಶಿಫ್ಟ್ ಅವರ ಮಾತಿಗೆ ಜೋಡಿಯಾಗಿ ಒಂದು ಸೇರಿಸುತ್ತೇನೆ. ಕರೆಯನ್ನು ಕೂಲಿ ತಪ್ಪಿಸಲು ಮಾತ್ರವಲ್ಲ, ಹೊಣೆ ತಪ್ಪಿಸಲೂ ಬಳಸಬಹುದು. ಜರ್ಮನಿಯ ಪಾದ್ರಿ ಡೀಟ್ರಿಖ್ ಬಾನ್‌ಹಾಫರ್ ತನ್ನ ‘ನೀತಿಶಾಸ್ತ್ರ’ದಲ್ಲಿ ಇದನ್ನೇ ಹಿಡಿಯುತ್ತಾನೆ. (ಅವನನ್ನು ನಾಜಿಗಳು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್‌ನಲ್ಲಿ ಗಲ್ಲಿಗೇರಿಸಿದರು, ಪುಸ್ತಕ ಬಂದದ್ದು 1949ರಲ್ಲಿ, ಗೆಳೆಯ ಬೆಟ್‌ಗೆ ಹಾಳೆಗಳನ್ನು ಜೋಡಿಸಿದ ಮೇಲೆ.) 1931ರಲ್ಲಿ ಅಮೆರಿಕದ ಅಲಬಾಮಾದ ಸ್ಕಾಟ್ಸ್‌ಬರೊದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಬಂದು ಮರಣದಂಡನೆಯವರೆಗೆ ಹೋಯಿತು. ಬಾನ್‌ಹಾಫರ್ ಆಗ ನ್ಯೂಯಾರ್ಕ್‌ನಲ್ಲಿ ಓದುತ್ತಿದ್ದ. ಜರ್ಮನಿಯ ಚರ್ಚಿನ ಹಿರಿಯರೊಬ್ಬರನ್ನು ಇದರ ವಿರುದ್ಧ ದನಿ ಎತ್ತಿ ಎಂದು ಕೇಳಿದಾಗ, ಲೂಥರನ ಬೆರೂಫ್ ಕಲ್ಪನೆಯ ಪ್ರಕಾರ ಅದು ತನ್ನ ಹೊಣೆಯ ಗಡಿಯಲ್ಲಿ ಬರುವುದಿಲ್ಲ ಎಂದು ಅವರು ನಿರಾಕರಿಸಿದರಂತೆ. ನಮ್ಮ ಕಚೇರಿ ಭಾಷೆಯಲ್ಲಿ ‘ನಮ್ಮ ವ್ಯಾಪ್ತಿಗೆ ಬರಲ್ಲ’.

ಬಾನ್‌ಹಾಫರ್ ಕೊಡುವ ಉದಾಹರಣೆ ವೈದ್ಯನದು. ವೈದ್ಯನ ಕೆಲಸ ರೋಗಿಯ ಹಾಸಿಗೆಯ ಬಳಿ, ಸರಿ. ಆದರೆ ವೈದ್ಯವಿಜ್ಞಾನವನ್ನೇ ಕೆಡಿಸುವ ಕೆಲಸ ನಡೆದಾಗ ಹಾಸಿಗೆ ಬಿಟ್ಟು ಬಂದು ಊರ ಮುಂದೆ ಮಾತಾಡುವುದೂ ಅದೇ ಕರೆಯೊಳಗಿದೆ. ಆ ದಶಕಗಳ ಜರ್ಮನಿಯಲ್ಲಿ ವೈದ್ಯರು ಏನೇನು ಮಾಡಿದರು ಎಂಬುದು ಗೊತ್ತಿದ್ದರೆ ಈ ಉದಾಹರಣೆ ಸುಮ್ಮನೆ ಆರಿಸಿದ್ದಲ್ಲ ಎಂದು ತಿಳಿಯುತ್ತದೆ.

ಫಿಖ್ಟೆಯ ದಾರಿಯ ಅಪಾಯವನ್ನೂ ಹೇಳಿಬಿಡುತ್ತೇನೆ. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ 1927ರಲ್ಲಿ ಅಂತಃಸಾಕ್ಷಿಯ ಕರೆಯ ಬಗ್ಗೆ ಬರೆದ: ಆ ಕರೆ ಏನನ್ನೂ ಹೇಳುವುದಿಲ್ಲ, ಮೌನದಲ್ಲೇ ಕರೆಯುತ್ತದೆ, ಕರೆದವನೂ ಕರೆಸಿಕೊಂಡವನೂ ನೀನೇ. ಓದುವಾಗ ರೋಮಾಂಚನ. ಆರು ವರ್ಷದ ಮೇಲೆ, 1933ರ ಮೇ 27ರಂದು, ನಾಜಿ ಆಳ್ವಿಕೆಯಲ್ಲಿ, ಫ್ರೈಬರ್ಗ್ ವಿಶ್ವವಿದ್ಯಾಲಯದ ಕುಲಪತಿಯಾಗಿ ಅವನೇ ವಿದ್ಯಾರ್ಥಿಗಳಿಗೆ ದುಡಿಮೆಯ ಸೇವೆ, ಸೈನ್ಯದ ಸೇವೆ, ಜ್ಞಾನದ ಸೇವೆ ಎಂದು ಉಪದೇಶಿಸಿದ. ಏನೂ ಹೇಳದ ಕರೆಯ ಬಾಯಿಗೆ ಯಾರು ಬೇಕಾದರೂ ಮಾತು ತುಂಬಬಹುದು.

ಸಂಪಿಗೆಮರ
ಮಂಗಳವಾರ, ರಾತ್ರಿ 9:15

ನನ್ನ ಯಜಮಾನರಿಗೆ ನಾಟಕದ ಹುಚ್ಚು. ಬ್ಯಾಂಕ್ ಕೆಲಸ ಬಿಟ್ಟರು, ಆಗ ಮಗನಿಗೆ ನಾಲ್ಕು ವರ್ಷ. ಅವರು ಕೆಟ್ಟವರಲ್ಲ, ನಾಟಕವೂ ಕೆಟ್ಟದ್ದಲ್ಲ. ಆದ್ರೆ ಹನ್ನೆರಡು ವರ್ಷ ಟ್ಯೂಷನ್ ಹೇಳಿ ಮನೆ ನಡೆಸಿದ್ದು ನಾನು. ಸನ್ಮಾನದ ದಿನ ಶಾಲು ಹೊದಿಸುವಾಗ ‘ಕಲೆಯ ಕರೆಗೆ ಓಗೊಟ್ಟವರು’ ಅಂತ ಹೇಳ್ತಾರೆ. ಆ ಕರೆ ಬಂದಾಗ ಫೋನ್ ಬಿಲ್ ಕಟ್ಟಿದ್ದು ಯಾರು ಅಂತ ಹೇಳಲ್ಲ. (ಮೇಷ್ಟ್ರೇ, ನಿಮ್ಮ ಹಿಂದಿನ ಬೆಂಚಿನ ಹುಡುಗ ಜಾಣ.)

ಎಂ.ಎ.ನಲ್ಲಿ ತತ್ತ್ವಶಾಸ್ತ್ರ ತಗೊಂಡಿದ್ದೆ, ಆವಾಗ ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್‌ನ ಓದಿಸಿದ್ರು. 1976ರ ಪ್ರಬಂಧ, ‘ನೈತಿಕ ಅದೃಷ್ಟ’ ಅಂತ. ಗೋಗ್ಯಾಂ ಅನ್ನೋ ಚಿತ್ರಕಾರ ಹೆಂಡತಿ ಮಕ್ಕಳನ್ನ ಬಿಟ್ಟು ಚಿತ್ರ ಬರೆಯೋಕೆ ಹೋದ. ಅದು ಸರಿಯಾ? ಗೆದ್ದರೆ ಮಾತ್ರ ಅವನು ತನಗೆ ತಾನು ಸಮರ್ಥನೆ ಕೊಟ್ಕೋಬಹುದು, ಸೋತರೆ ಅದೂ ಇಲ್ಲ. ಗೆಲ್ತೀನೋ ಇಲ್ಲವೋ ಅಂತ ಹೊರಡೋ ದಿನ ಗೊತ್ತಿರಲ್ಲ, ಅಂತ ವಿಲಿಯಮ್ಸ್ ವಾದ. ಗೆದ್ದರೂ ಬಿಟ್ಟು ಬಂದವರ ದೂರು ಅಳಿಸಿಹೋಗಲ್ಲ ಅಂತಲೂ ಅವನು ಒಪ್ತಾನೆ. ತಾನು ಹೇಳ್ತಿರೋದು ಚರಿತ್ರೆಯ ಗೋಗ್ಯಾಂ ಅಲ್ಲ, ಒಂದು ಮಾದರಿ ಅಂತಲೂ ಮೊದಲೇ ಹೇಳಿಬಿಡ್ತಾನೆ. ಜಾಣ.

ನಾನು ಚರಿತ್ರೆಯ ಕಡೆ ಹೋದೆ. ಷೇರು ದಲ್ಲಾಳಿಯಾಗಿದ್ದ ಗೋಗ್ಯಾಂ ಕೆಲಸ ಬಿಟ್ಟಿದ್ದು 1882ರಲ್ಲಿ ಪ್ಯಾರಿಸ್ ಮಾರುಕಟ್ಟೆ ಕುಸಿದಮೇಲೆ, ತಾಹಿತಿಗೆ ಹೊರಟಿದ್ದು 1891ರಲ್ಲಿ. ಹೆಂಡತಿ ಮೆಟೆ ಡೆನ್ಮಾರ್ಕಿನವಳು. ಕೊಪೆನ್‌ಹೇಗನ್‌ನಲ್ಲಿ ಫ್ರೆಂಚ್ ಪಾಠ ಹೇಳಿಕೊಟ್ಟು, ಅನುವಾದ ಮಾಡಿ ಐದು ಮಕ್ಕಳನ್ನ ಸಾಕಿದಳು. ಟ್ಯೂಷನ್! ಓದಿ ಒಂದು ಕ್ಷಣ ಪುಸ್ತಕ ಮುಚ್ಚಿದ್ದೆ.

ಅಡಿಟಿಪ್ಪಣಿ
ಮಂಗಳವಾರ, ರಾತ್ರಿ 9:50

ಮೇಡಂ, ನಿಮಗೆ ಸಿಟ್ಟು ಬರಿಸುವ ಇನ್ನೊಬ್ಬನನ್ನು ಪರಿಚಯಿಸುತ್ತೇನೆ. ಸ್ಪೇನಿನ ತತ್ತ್ವಜ್ಞಾನಿ ಒರ್ತೆಗಾ ಇ ಗ್ಯಾಸೆತ್, 1932ರಲ್ಲಿ ಜರ್ಮನ್ ಕವಿ ಗಯಟೆಯ ಬಗ್ಗೆ ಬರೆದ ಪ್ರಬಂಧ. ಪ್ರತಿ ಮನುಷ್ಯನಿಗೂ ತಾನು ಆಗಲೇಬೇಕಾದ ಒಬ್ಬನಿದ್ದಾನೆ, ಅದೇ ಅವನ ಕರೆ; 1775ರಲ್ಲಿ ವೈಮಾರ್‌ನ ಆಸ್ಥಾನ ಸೇರಿ ಗಯಟೆ ಅದಕ್ಕೆ ದ್ರೋಹ ಮಾಡಿದ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಕಳ್ಳನಾಗಬೇಕಿದ್ದವನು ಒಳ್ಳೆಯತನದ ಹಟದಿಂದ ಕಳ್ಳನಾಗದೆ ಉಳಿದರೆ, ಅವನು ತನ್ನ ಬದುಕನ್ನು ಸುಳ್ಳು ಮಾಡಿಕೊಂಡ ಹಾಗೆ ಎನ್ನುತ್ತಾನೆ. ನಾನು ಒಪ್ಪುವುದಿಲ್ಲ, ಆದರೆ ಅವನ ಪ್ರಾಮಾಣಿಕತೆ ಇಷ್ಟ. ಕರೆ ಬೇರೆ, ಒಳ್ಳೆಯದು ಬೇರೆ ಎಂದು ನೇರವಾಗಿ ಹೇಳಿದವರು ಕಡಿಮೆ.

ಸಂಪಿಗೆಮರ
ಮಂಗಳವಾರ, ರಾತ್ರಿ 9:58

ಕಳ್ಳನ ಹೆಂಡತಿಗೂ ಟ್ಯೂಷನ್ ತಪ್ಪಿದ್ದಲ್ಲ.

ಜೆಪ್ಪು ಹಂಚು
ಬುಧವಾರ, ರಾತ್ರಿ 8:30

ಅಜ್ಜನ ಮಾತು ಎತ್ತಿದ್ದೆನಲ್ಲ, ಅಲ್ಲಿಂದ ತಲೆಯಲ್ಲಿ ಸಿಮೋನ್ ವೇಯ್ ಸುತ್ತುತ್ತಿದ್ದಾಳೆ. ಫ್ರಾನ್ಸಿನ ತತ್ತ್ವಶಾಸ್ತ್ರದ ಟೀಚರ್, ರಜೆ ಹಾಕಿ 1934ರ ಡಿಸೆಂಬರಿನಿಂದ ಮುಂದಿನ ಆಗಸ್ಟ್‌ವರೆಗೆ ಪ್ಯಾರಿಸಿನ ಕಾರ್ಖಾನೆಗಳಲ್ಲಿ ಕೂಲಿ ಮಾಡಿದವಳು. ಮೊದಲ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ತಾಮ್ರದ ಸುರುಳಿಗಳನ್ನು ಒಳಗಿಟ್ಟು ಹೊರತೆಗೆಯುವುದು, ಬೆಂಕಿ ಕೈಗೆ ನೆಕ್ಕುತ್ತದೆ. ಕೊನೆಯದು ರೆನೋ ಕಾರು ಕಾರ್ಖಾನೆ. ಕೂಲಿ ಪೀಸ್ ಲೆಕ್ಕ, ಅವಳ ಕೈಗೆ ಆ ವೇಗ ಬರಲೇ ಇಲ್ಲ, ಜೊತೆಗೆ ತಲೆನೋವು. ದಿನಚರಿಯಲ್ಲಿ ಒಂದು ಕಡೆ ಬರೆಯುತ್ತಾಳೆ: ಬಸ್ ಹತ್ತುವಾಗ, ನಾನು ಗುಲಾಮಳು, ಎಲ್ಲರ ಹಾಗೆ ದುಡ್ಡು ಕೊಟ್ಟು ಈ ಬಸ್ಸಿನಲ್ಲಿ ಹೇಗೆ ಕೂರಬಲ್ಲೆ ಎಂದು ಅನಿಸಿತಂತೆ. ದೇವದೂತರು ಮುಗುಳ್ನಕ್ಕ ಲೂಥರನ ಹಿತ್ತಿಲಿನಿಂದ ಈ ಬಸ್ ಎಷ್ಟು ದೂರ.

ಅದೇ ವೇಯ್ 1942ರಲ್ಲಿ ಮಾರ್ಸೇಯಿಂದ ಪಾದ್ರಿ ಪೆರ್‍ಯಾಂಗೆ ಬರೆದ ಕಾಗದದಲ್ಲಿ, ಕ್ರಿಸ್ತನನ್ನು ನಂಬಿಯೂ ದೀಕ್ಷಾಸ್ನಾನ ಪಡೆಯದೆ ಚರ್ಚಿನ ಹೊಸ್ತಿಲಾಚೆ ಉಳಿಯುವುದೇ ತನ್ನ ಕರೆ ಎನ್ನುತ್ತಾಳೆ. ಒಳಗೆ ಬಾ ಎನ್ನುವ ಕರೆಗಳ ಚರಿತ್ರೆಯಲ್ಲಿ, ಹೊರಗೆ ನಿಲ್ಲು ಎಂದು ಬಂದದ್ದು ನನಗೆ ಗೊತ್ತಿರುವಂತೆ ಇದೊಂದೇ.

ಗಂಟೆಲೆಕ್ಕದ ಮೇಷ್ಟ್ರು
ಗುರುವಾರ, ರಾತ್ರಿ 10:10

ಮೂರು ದಿನ ಓದ್ತಾನೇ ಇದ್ದೆ. ಪದ ಸಿಕ್ತು ಅನ್ಸುತ್ತೆ, ಸಂಪಿಗೆಮರ ಮೇಡಂ ತಾವಾಗೇ ಕೊಟ್ಟಿದ್ರು: ‘ನಾಟಕದ ಹುಚ್ಚು’.

ವೇಬರ್ ಆ ಉಪನ್ಯಾಸದಲ್ಲಿ ಹೇಳ್ತಾನೆ: ಹಸ್ತಪ್ರತಿಯ ಈ ಒಂದು ಜಾಗದಲ್ಲಿ ಪಾಠ ಸರಿಯಾಗಿ ಊಹಿಸಿದೆನಾ ಇಲ್ಲವಾ ಅನ್ನೋದರ ಮೇಲೇ ನನ್ನ ಆತ್ಮದ ಗತಿ ನಿಂತಿದೆ ಅಂತ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಲಾರದವನು ಈ ಕಡೆ ಬರಲೇಬೇಡಿ. ಅದಕ್ಕೆ ಅವನು ಬಳಸೋ ಪದ ‘ರೌಶ್’, ಅಮಲು. ಹೊರಗಿನವರು ನೋಡಿ ನಗೋ ಅಂಥಾ ಅಮಲು. ನಮ್ಮಲ್ಲಿ ಅದಕ್ಕೆ ಹುಚ್ಚು ಅಂತಲೇ ಹೆಸರು. ಓದಿನ ಹುಚ್ಚು, ಯಕ್ಷಗಾನದ ಹುಚ್ಚು. ದಿನದ ಅನ್ನಕ್ಕೆ ಬೇರೆ ಪದ, ಹೊಟ್ಟೆಪಾಡು. ಜರ್ಮನರು ಇವೆರಡನ್ನೂ ಒಂದೇ ಪದದಲ್ಲಿ ತುಂಬಿದ್ರು. ಒಂದೇ ಪದ ಆದಾಗ ಒಂದನ್ನ ತೋರಿಸಿ ಇನ್ನೊಂದನ್ನ ಕಸಿಯೋದು ಸುಲಭ, ಸಿಸ್ಟರ್ ಹೇಳಿದ ಆ ಚಹಾದ ಹಂಗೆ. ಕನ್ನಡದಲ್ಲಿ ‘ನಿನಗೆ ಹುಚ್ಚಿದೆಯಲ್ಲ, ಹೊಟ್ಟೆಪಾಡು ಯಾಕೆ ಕೇಳ್ತೀಯಾ’ ಅಂದ್ರೆ ಹೇಳಿದವನಿಗೇ ನಾಚಿಕೆ ಆಗುತ್ತೆ. ಅದಕ್ಕೇ ಅವರು ‘ಸೇವೆ’ ಅಂತ ಮೂರನೇ ಪದ ತಂದಿದ್ದು.

ಇವತ್ತು ಬೋರ್ಡ್ ಮೇಲೆ ‘ಹೊಟ್ಟೆಪಾಡು + ಹುಚ್ಚು = ಬೆರೂಫ್’ ಅಂತ ಬರೆದೆ. ಕರೆ ಯಾರದು ಅನ್ನೋದನ್ನ ಬರೀಲಿಲ್ಲ. ವೇಬರ್ ತನ್ನ ಉಪನ್ಯಾಸ ಮುಗಿಸೋದು, ಪ್ರವಾದಿಗೆ ಕಾಯ್ತಾ ಕೂರಬೇಡಿ, ಇವತ್ತಿನ ದಿನ ಕೇಳೋ ಕೆಲಸಕ್ಕೆ ಕೈ ಹಚ್ಚಿ, ನಿಮ್ಮ ಬದುಕಿನ ದಾರ ಹಿಡಿದಿರೋ ನಿಮ್ಮ ನಿಮ್ಮ ಭೂತ ಯಾವುದು ಅಂತ ಕಂಡುಕೊಂಡು ಅದರ ಮಾತು ಕೇಳಿ ಅಂತ. ಅವನು ‘ಡೆಮಾನ್’ ಅಂತಾನೆ. ಭೂತ ಅಂದಿದ್ದಕ್ಕೆ ತರಗತಿಯಲ್ಲಿ ದಕ್ಷಿಣ ಕನ್ನಡದ ಒಬ್ಬಳು ಹುಡುಗಿ ಮಾತ್ರ ನಗಲಿಲ್ಲ, ತಲೆ ಆಡಿಸಿದಳು.

ಆಮೇಲೆ ಹಿಂದಿನ ಬೆಂಚಿನವನು ಕೈ ಎತ್ತಿ, ‘ಸಾರ್, ಇದು ಪರೀಕ್ಷೆಗೆ ಬರುತ್ತಾ?’ ಅಂದ. ಬರಲ್ಲ ಅಂದೆ. ಪೆನ್ನು ಮುಚ್ಚಿಟ್ಟ. ಆದ್ರೆ ಕೇಳ್ತಾ ಕೂತಿದ್ದ.

ನೆಕ್ಕರ್ ದಂಡೆ
ಗುರುವಾರ, ರಾತ್ರಿ 10:40

ಹುಚ್ಚು ಅಂತ ಅರ್ಜಿಯಲ್ಲಿ ತುಂಬೋಕಾಗಲ್ಲ, ಅದೊಂದು ತೊಂದರೆ. ಉಳಿದಂತೆ ಒಪ್ಪಿಗೆ.

ಮಳಿರಾಯ
ಗುರುವಾರ, ರಾತ್ರಿ 11:02

ಸರ್ರ, ಐದು ಅಂಕದ ಟಿಪ್ಪಣಿಗೆ ನಾವು ಇಷ್ಟು ಮಂದಿ ಸೇರಿ ಇಷ್ಟು ಬರದೇವಿ. ಎಷ್ಟು ಕೊಡ್ತೀರಿ?

ಗಂಟೆಲೆಕ್ಕದ ಮೇಷ್ಟ್ರು
ಗುರುವಾರ, ರಾತ್ರಿ 11:06

ಮೂರೂವರೆ. ವಿಷಯಾಂತರಕ್ಕೆ ಒಂದು ಕಳೆದೆ, ಫಿಖ್ಟೆಯ ಹೆಬ್ಬಾತಿಗೆ ಅರ್ಧ.